ಶಿರಸಿಯ ಬೋರ್ಡಿಲ್ಲದ ಗ್ಯಾರೇಜು: 500 ರೂಪಾಯಿಗೆ ಸಿಕ್ಕ ಮೂರು ನಂಬರು

ಮೊದಲೇ ಹೇಳಿಬಿಡುತ್ತೇನೆ, ಐದಕ್ಕೆ ನಾಲ್ಕು ಸ್ಟಾರ್. ಒಂದು ಯಾಕೆ ಹೋಯಿತು ಅಂತ ಕೆಳಗೆ ಬರುತ್ತದೆ. ಅದರಲ್ಲಿ ಅರ್ಧ ಫೋನ್ ಎತ್ತದೇ ಇದ್ದದ್ದಕ್ಕೆ.

ಗ್ಯಾರೇಜಿಗೆ ಹೆಸರಿಲ್ಲ. ಒಂದು ಕಾಲದಲ್ಲಿ ಇತ್ತಂತೆ, ಶಿರಸಿಯ ಮಳೆಗೆ ಬೋರ್ಡಿನ ಬಣ್ಣ ಎದ್ದುಹೋಗಿ ಈಗ 'ಆಟೋ' ಅನ್ನುವ ಎರಡಕ್ಷರ ಮಾತ್ರ ಉಳಿದಿದೆ. ಹುಬ್ಬಳ್ಳಿ ರಸ್ತೆ ಕಡೆ ಒಂದು ತಗಡಿನ ಶೆಡ್ಡು, ಎದುರಿಗೆ ಹಲಸಿನ ಮರ, ಮರದ ಕೆಳಗೆ ಯಾವಾಗಲೂ ಎರಡು ಜೀಪು. ನಡೆಸುವವರಿಗೆ ಅರವತ್ತರ ಹತ್ತಿರ ಇರಬಹುದು. ಕನ್ನಡಕ ಹಾಕಿದ ಹೆಂಗಸರೆಲ್ಲ ಅವರಿಗೆ ಅಕ್ಕೋರೇ, ಅಂದರೆ ಟೀಚರು. ನಾನು ಶಾಲೆಯಲ್ಲಿ ಕಲಿಸುವವಳಲ್ಲ ಅಂತ ಎರಡು ಸಲ ಹೇಳಿದೆ, ಆಮೇಲೆ ಬಿಟ್ಟೆ.

ನಾನು ಕುಮಟಾದವಳು. ಮಿಡಿ ಉಪ್ಪಿನಕಾಯಿ, ಹಪ್ಪಳ, ಕೋಕಂ ಶರಬತ್ತು ಮಾಡಿ ಮಾರುತ್ತೇನೆ. ವಾರಕ್ಕೊಂದು ಸಲ ದೇವಿಮನೆ ಘಾಟಿ ಹತ್ತಿ ಶಿರಸಿಯ ಅಂಗಡಿಗಳಿಗೆ ಡಬ್ಬಿ ಮುಟ್ಟಿಸಬೇಕು. ಬಸ್ಸಿನಲ್ಲಿ ಡಬ್ಬಿ ಹೊತ್ತು ಸಾಕಾಗಿ ಕಳೆದ ವರ್ಷ ಒಂದು ಹಳೇ ಕಾರು ತಗೊಂಡೆ. ಮೂರು ಸಿಲಿಂಡರಿನ ಸಣ್ಣ ಪೆಟ್ರೋಲ್ ಕಾರು, 2013ರ ಮಾಡೆಲ್, ಕೆಎ-31 ನಂಬರು, 1 ಲಕ್ಷ 85 ಸಾವಿರಕ್ಕೆ. ಕಂಪನಿ ಹೆಸರು ಬೇಡ, ತಪ್ಪು ಕಂಪನಿಯದ್ದಲ್ಲ. ಮಾರಿದವರ ಹೆಸರೂ ಬೇಡ, ಅವರದ್ದು ತಪ್ಪಿದೆ, ಆದರೂ ಬೇಡ.

ನೋಡಲು ಹೋದ ದಿನ ಕಾರು ಚೆನ್ನಾಗೇ ಇತ್ತು. ಕೀ ತಿರುಗಿಸಿದ ಕೂಡಲೇ ಸ್ಟಾರ್ಟ್. ಈಗ ಯೋಚನೆ ಮಾಡಿದರೆ ಗೊತ್ತಾಗುತ್ತದೆ, ನಾನು ಹೋಗುವ ಹೊತ್ತಿಗೆ ಬಾನೆಟ್ ಬೆಚ್ಚಗಿತ್ತು. 'ಈಗ ತಾನೇ ತೊಳೆಸಿ ತಂದೆವು' ಅಂದಿದ್ದರು. ತಣ್ಣಗಿರುವ ಎಂಜಿನ್ನು ಮೊದಲ ಸಲ ಸ್ಟಾರ್ಟ್ ಆಗುವಾಗ ಹೇಳುವ ಸತ್ಯವನ್ನು ಬಿಸಿಯಾದ ಮೇಲೆ ಹೇಳುವುದಿಲ್ಲ. ಹಳೇ ಗಾಡಿ ನೋಡಲು ಹೋಗುವವರು ಬೆಳಿಗ್ಗೆ ಬೇಗ ಹೋಗಿ, ಬಾನೆಟ್ ಮೇಲೆ ಕೈ ಇಟ್ಟು ನೋಡಿ, ಬಿಸಿ ಇದ್ದರೆ ಚಹಾ ಕುಡಿದು ಬರುತ್ತೇನೆ ಅಂತ ಹೇಳಿ ಎರಡು ತಾಸು ಬಿಟ್ಟು ಹೋಗಿ.

ತೊಂದರೆ ಶುರುವಾದದ್ದು ಘಾಟಿಯಲ್ಲೇ. ಕತಗಾಲ ದಾಟಿ ಏರು ಬಂದ ಕೂಡಲೇ ಎರಡನೇ ಗೇರು, ಅದರಲ್ಲೂ ಕಾರು ಉಸಿರು ಕಟ್ಟಿದವರ ಹಾಗೆ. ಹಿಂದಿನ ಸೀಟಿನಲ್ಲಿ ನಲವತ್ತು ಡಬ್ಬಿ ಉಪ್ಪಿನಕಾಯಿ, ಅದರ ಭಾರ ಅಂದುಕೊಂಡೆ. ಸಿಗ್ನಲ್ಲಿನಲ್ಲಿ ನಿಂತರೆ ಇಡೀ ಕಾರು ಗಡಗಡ, ಕನ್ನಡಿಯಲ್ಲಿ ಹಿಂದಿನ ಗಾಡಿಯ ನಂಬರು ಓದಲು ಆಗುತ್ತಿರಲಿಲ್ಲ. ಮೂರು ಸಿಲಿಂಡರ್ ಅಂದರೆ ಸ್ವಲ್ಪ ನಡುಕ ಇದ್ದೇ ಇರ್ತದೆ ಅಂತ ಎಲ್ಲರೂ ಸಮಾಧಾನ ಹೇಳಿದರು. ಬೆಳಿಗ್ಗೆ ಸ್ಟಾರ್ಟ್ ಮಾಡುವಾಗ ಒಂದು ವಿಚಿತ್ರ ತಾಳ ಬರುತ್ತಿತ್ತು. ಸಾಮಾನ್ಯವಾಗಿ ರ್‍ರ-ರ್‍ರ-ರ್‍ರ ಅಂತ ಒಂದೇ ಸಮ ತಿರುಗಬೇಕಲ್ವಾ, ಇದು ರ್‍ರ-ರ್‍ರ-ಸುಯ್, ರ್‍ರ-ರ್‍ರ-ಸುಯ್. ಮೂರರಲ್ಲಿ ಒಂದು ಹೊಡೆತ ಹಗುರ. ಆ ಹಗುರ ಹೊಡೆತವೇ ಇಡೀ ಕಥೆ, ಆದರೆ ಅದು ಗೊತ್ತಾಗಲು ನನಗೆ ಮೂರು ಗ್ಯಾರೇಜು ಬೇಕಾಯಿತು.

ಮೊದಲನೇ ಕಡೆ ಪ್ಲಗ್ ಬದಲಿಸಿದರು, ಥ್ರಾಟಲ್ ಬಾಡಿ ಕ್ಲೀನ್ ಮಾಡಿದರು, ಇಂಜೆಕ್ಟರಿಗೆ ಅಂತ ಪೆಟ್ರೋಲ್ ಟ್ಯಾಂಕಿಗೆ ಒಂದು ಬಾಟಲಿ ಔಷಧ ಸುರಿದರು. 4,800 ರೂಪಾಯಿ. ಎರಡು ದಿನ ಚೆನ್ನಾಗಿದೆ ಅನ್ನಿಸಿತು, ದುಡ್ಡು ಕೊಟ್ಟಿದ್ದೆನಲ್ಲ.

ಎರಡನೇ ಕಡೆ ಸ್ವಲ್ಪ ದೊಡ್ಡ ವರ್ಕ್‌ಶಾಪು, ಅಲ್ಲಿ ಕಂಪ್ರೆಶನ್, ಅಂದರೆ ಸಿಲಿಂಡರಿನೊಳಗಿನ ಒತ್ತಡ, ಚೆಕ್ ಮಾಡಿದರು. ಹೌದು, ಮಾಡಿದರು. ಆದರೆ ನನ್ನನ್ನು ಹೊರಗೆ ಕುರ್ಚಿಯಲ್ಲಿ ಕೂರಿಸಿ ಮಾಡಿದರು. ಆಮೇಲೆ ಒಂದು ಚೀಟಿ, ಸಿಲಿಂಡರಿಗೊಂದು ನಂಬರು: 120, 60, 115. 'ಮೂರೂ ಡೌನ್ ಮೇಡಂ, ಬೋರ್ ಹೋಗಿದೆ, ಎಂಜಿನ್ ಪೂರ್ತಿ ಇಳಿಸಬೇಕು, 48 ಸಾವಿರ ಆಗ್ತದೆ.' ಕಾರಿಗೆ ಕೊಟ್ಟದ್ದರಲ್ಲಿ ಕಾಲು ಭಾಗ! (ಬೋರ್ ಅಂದರೆ ಪಿಸ್ಟನ್ ಓಡಾಡುವ ಸಿಲಿಂಡರಿನ ಒಳಗೋಡೆ, ಅದು ಸವೆದಿದೆ ಅಂತ.) ನಾನು ಆ ಚೀಟಿ ಮಡಚಿ ಪರ್ಸಿನಲ್ಲಿ ಇಟ್ಟುಕೊಂಡು ಬಂದೆ.

ಆ ಚೀಟಿ ತಗೊಂಡೇ ಶಿರಸಿಯ ಈ ಶೆಡ್ಡಿಗೆ ಹೋದದ್ದು. ಉಪ್ಪಿನಕಾಯಿ ಕೊಳ್ಳುವ ಅಂಗಡಿಯವರು ಹೇಳಿದ್ದರು, 'ಅಲ್ಲಿ ಹೋಗಿ, ಅವರು ಸುಮ್ನೆ ಬಿಚ್ಚುವುದಿಲ್ಲ' ಅಂತ. ಗ್ಯಾರೇಜಿಗೆ ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಬೇಕಾ?

ಚೀಟಿ ನೋಡಿದವರು ಕೇಳಿದ ಮೊದಲ ಮಾತು: 'ಆಕ್ಸಲರೇಟರ್ ಒತ್ತಿ ಹಿಡಿದಿದ್ರಾ?'

ನನಗೇನು ಗೊತ್ತು. ಹೊರಗೆ ಕೂತಿದ್ದೆ.

'ಬ್ಯಾಟರಿ?'

ಅದೂ ಗೊತ್ತಿಲ್ಲ. ಆದರೆ ಬ್ಯಾಟರಿ ಹಳೆಯದು, ಬೆಳಿಗ್ಗೆ ಎಳೆದೆಳೆದು ತಿರುಗುತ್ತಿತ್ತು ಅಂದೆ. 'ಹಂಗಾದ್ರೆ ಈ ನಂಬರು ಹೆಚ್ಚು ನಂಬಬೇಡಿ ಅಕ್ಕೋರೇ. ಮೂರೂ ಕಮ್ಮಿ ಬಂತು ಅಂದ್ರೆ ಮೊದಲು ಟೆಸ್ಟ್ ಮಾಡಿದವನ ಮೇಲೆ ಡೌಟ್ ಪಡಬೇಕು, ಆಮೇಲೆ ವಾಲ್ವು ತೆರೆದು ಮುಚ್ಚುವ ಟೈಮಿಂಗ್ ಮೇಲೆ, ಕೊನೆಗೆ ಬೋರ್ ಮೇಲೆ. ಮೂರರಲ್ಲಿ ಒಂದು ಮಾತ್ರ ಅರ್ಧಕ್ಕೆ ನಿಂತದೆಯಲ್ಲ, ಅದು ಮಾತ್ರ ನಿಜ ಹೇಳ್ತಾ ಇರಬಹುದು.'

ಕಂಪ್ರೆಶನ್ ಅಂದರೆ ಏನು ಅಂತ ಅವರು ಸೈಕಲ್ ಪಂಪು ತೋರಿಸಿ ವಿವರಿಸಿದರು. ಪಂಪಿನ ತುದಿ ಬೆರಳಿಂದ ಮುಚ್ಚಿ ಒತ್ತಿದರೆ ಬೆರಳನ್ನು ತಳ್ಳುತ್ತದಲ್ಲ, ಅದೇ. ಸಿಲಿಂಡರಿನೊಳಗೆ ಪಿಸ್ಟನ್ ಗಾಳಿಯನ್ನು ಒತ್ತಿ ಸಣ್ಣದು ಮಾಡುತ್ತದೆ, ಆಗ ಕಿಡಿ ಬಿದ್ದರೆ ಶಕ್ತಿ. ಗಾಳಿ ಎಲ್ಲಾದರೂ ಸೋರಿದರೆ ಪ್ಲಗ್ ಎಷ್ಟು ಹೊಸದಿದ್ದರೂ ಪ್ರಯೋಜನವಿಲ್ಲ. ಸೋರಲು ಮುಖ್ಯ ದಾರಿ ಮೂರು. ಪಿಸ್ಟನ್ ಸುತ್ತಲಿನ ರಿಂಗು, ಗಾಳಿ-ಹೊಗೆಗೆ ಬಾಗಿಲಾದ ಮೇಲಿನ ವಾಲ್ವು, ಎಂಜಿನ್ನಿಗೂ ಅದರ ಮೇಲಿನ ಮುಚ್ಚಳವಾದ ಹೆಡ್ಡಿಗೂ ನಡುವೆ ಕೂರುವ ಹೆಡ್ ಗ್ಯಾಸ್ಕೆಟ್ಟು. ಯಾವ ದಾರಿ ಅಂತ ತಿಳಿಯದೆ ಬಿಚ್ಚುವುದು ಅಂದರೆ ಹೊಟ್ಟೆನೋವಿಗೆ ತಲೆ ಕುಯ್ದ ಹಾಗೆ ಅಂದರು.

ಟೆಸ್ಟಿಗೆ 500 ರೂಪಾಯಿ. ನಾನೂ ಇರುತ್ತೇನೆ ಅಂದೆ. 'ಇರಬೇಕು, ಕಾಲು ನಿಮ್ಮದೇ ಬೇಕು, ಹುಡುಗ ರಜೆ' ಅಂದರು.

ಮೊದಲು ಎಂಜಿನ್ ಬಿಸಿ ಮಾಡಿದರು, ನಿಲ್ಲಿಸಿದರು. ಪೆಟ್ರೋಲ್ ಪಂಪಿನ ಫ್ಯೂಸ್ ತೆಗೆದರು. ಇಲ್ಲದಿದ್ದರೆ ಟೆಸ್ಟ್ ಮಾಡುವಾಗ ಪೆಟ್ರೋಲ್ ಸಿಲಿಂಡರಿಗೆ ಚಿಮ್ಮಿ ಗೋಡೆಯ ಆಯಿಲ್ ತೊಳೆದುಹೋಗಿ ನಂಬರು ಸುಳ್ಳು ಬರುತ್ತದೆ, ಬೆಂಕಿಯ ಅಪಾಯ ಬೇರೆ. ಪ್ಲಗ್ಗಿನ ಕಿಡಿಗೆ ಕರೆಂಟು ಕೊಡುವ ಕಾಯಿಲಿನ ವೈರು ಬಿಡಿಸಿದರು. ಮೂರೂ ಪ್ಲಗ್ ಬಿಚ್ಚಿ ಒಂದು ಬಟ್ಟೆ ಮೇಲೆ ಸಾಲಾಗಿ ಇಟ್ಟರು. ಜೀಪಿನ ಬ್ಯಾಟರಿಯಿಂದ ಜಂಪರ್ ವೈರು ಎಳೆದು ನನ್ನ ಬ್ಯಾಟರಿಗೆ ಹಾಕಿದರು. ಒತ್ತಡ ತೋರಿಸುವ ಗೇಜಿನ ಪೈಪನ್ನು ಮೊದಲನೇ ಪ್ಲಗ್ಗಿನ ತೂತಿಗೆ ಕೈಯಲ್ಲೇ ತಿರುಗಿಸಿ ಕೂರಿಸಿದರು. ನಾನು ಸೀಟಿನಲ್ಲಿ, ಆಕ್ಸಲರೇಟರ್ ಪೂರ್ತಿ ಕೆಳಗೆ. ಅದು ಒತ್ತದಿದ್ದರೆ ಸಾಕಷ್ಟು ಗಾಳಿ ಒಳಗೆ ಬರುವುದಿಲ್ಲ, ಇಲ್ಲದ ಗಾಳಿಯನ್ನು ಪಿಸ್ಟನ್ ಎಲ್ಲಿಂದ ಒತ್ತಬೇಕು.

'ಹೊಡೀರಿ.' ಕೀ ತಿರುಗಿಸಿದೆ. ಆರು ಹೊಡೆತ ಎಣಿಸಿ 'ಬಿಡಿ' ಅಂದರು. 165.

ಎರಡನೆಯದಕ್ಕೆ ಅವರೇ ಸೀಟಿಗೆ ಬಂದು ನನ್ನನ್ನು ಗೇಜಿನ ಎದುರು ನಿಲ್ಲಿಸಿದರು. 'ಮುಳ್ಳು ನೋಡಿ, ಮೊದಲನೇ ಹೊಡೆತಕ್ಕೆ ಎಲ್ಲಿ ಹೋಗ್ತದೆ ಅಂತ ಹೇಳಿ.' ಮುಳ್ಳು ಮೊದಲ ಹೊಡೆತಕ್ಕೆ 45ಕ್ಕೆ ಹಾರಿತು, ಆಮೇಲೆ 70, 85, 95. ಅಲ್ಲೇ ನಿಂತಿತು. ಇನ್ನೂ ನಾಲ್ಕು ಹೊಡೆತ ಹೊಡೆದರೂ ಅಲ್ಲೇ. ಮೂರನೆಯದು ಒಂದೇ ಹೊಡೆತಕ್ಕೆ 90 ದಾಟಿ 160ರಲ್ಲಿ ನಿಂತಿತು. ಮೂರು ಸಂಖ್ಯೆಗಳನ್ನು ಅವರು ಸೀಮೆಸುಣ್ಣದಲ್ಲಿ ಕಂಬದ ಮೇಲೆ ಬರೆದರು. 165, 95, 160. ಕಂಬದ ಮೇಲೆ ಅದರ ಪಕ್ಕದಲ್ಲಿ ಯಾರದ್ದೋ ಬೈಕಿನ ಟೈರ್ ಲೆಕ್ಕ, ಯಾರದ್ದೋ ಉದ್ರಿ.

ಸಾಮಾನ್ಯ ಪೆಟ್ರೋಲ್ ಎಂಜಿನ್ನಿಗೆ 150ರಿಂದ 200 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಒಳಗೆ ಬಂದರೆ ಚಿಂತೆ ಬೇಡ, ಸರಿಯಾದ ಅಂಕಿ ಆಯಾ ಎಂಜಿನ್ನಿನ ಪುಸ್ತಕದಲ್ಲಿ ಇರ್ತದೆ ಅಂದರು. ಅದಕ್ಕಿಂತ ಮುಖ್ಯ ಒಂದಕ್ಕೂ ಇನ್ನೊಂದಕ್ಕೂ ಇರುವ ಅಂತರ. ನೂರಕ್ಕೆ ಹತ್ತು ಹದಿನೈದು ವ್ಯತ್ಯಾಸ ಆದರೆ ನಡೆಯುತ್ತದೆ, ನನ್ನದು ನೂರಕ್ಕೆ ನಲವತ್ತು. ಪಕ್ಕಪಕ್ಕದ ಎರಡು ಸಿಲಿಂಡರ್ ಒಟ್ಟಿಗೆ ಬಿದ್ದಿದ್ದರೆ ಅವೆರಡರ ನಡುವೆ ಗ್ಯಾಸ್ಕೆಟ್ ಹೋಗಿದೆ ಅಂತ ಅನುಮಾನ. ಒಂದೇ ಬಿದ್ದಿದ್ದರೆ ರಿಂಗೋ ವಾಲ್ವೋ ಅಂತ ನೋಡಬೇಕು.

ಅದನ್ನು ನೋಡಿದ ರೀತಿ ನನಗೆ ಬಹಳ ಹಿಡಿಸಿತು. ಔಷಧಿ ಹಾಕುವ ಸಿರಿಂಜಿನಲ್ಲಿ ಎಂಜಿನ್ ಆಯಿಲ್ ಎಳೆದು, ಒಂದು ಚಮಚದಷ್ಟು ಎರಡನೇ ಸಿಲಿಂಡರಿಗೆ ಬಿಟ್ಟರು. ಮತ್ತೆ ಗೇಜ್ ಕೂರಿಸಿದರು. ರಿಂಗ್ ಸವೆದಿದ್ದರೆ ಆ ಆಯಿಲ್ ರಿಂಗಿನ ಸುತ್ತ ಸಂದು ಮುಚ್ಚಿ ನಂಬರು ಥಟ್ ಅಂತ ಮೇಲೇರಬೇಕು, 130, 140 ಹೀಗೆ. ವಾಲ್ವ್ ಸೋರುತ್ತಿದ್ದರೆ ಆಯಿಲ್ ಅಲ್ಲಿಗೆ ಮುಟ್ಟುವುದೇ ಇಲ್ಲ, ನಂಬರು ಹೆಚ್ಚುಕಮ್ಮಿ ಅಲ್ಲೇ ಇರುತ್ತದೆ. ನಾನು ಗೇಜಿನ ಎದುರು ಉಸಿರು ಹಿಡಿದು ನಿಂತೆ. ಪರೀಕ್ಷೆ ರಿಸಲ್ಟ್ ನೋಡುವಾಗಲೂ ಅಷ್ಟು ಎದೆ ಹೊಡೆದುಕೊಂಡಿರಲಿಲ್ಲ.

ನೂರು.

'ಬೋರಿಗೆ ಏನೂ ಆಗ್ಲಿಲ್ಲ ಅಕ್ಕೋರೇ' ಅಂದರು, ಅಷ್ಟೇ. 48 ಸಾವಿರ ಅಲ್ಲಿಗೆ ಸತ್ತಿತು. ಒಂದು ಚಮಚ ಆಯಿಲ್ ಮತ್ತು ಎರಡು ನಿಮಿಷ, ಇಷ್ಟನ್ನು ಆ ದೊಡ್ಡ ವರ್ಕ್‌ಶಾಪಿನಲ್ಲಿ ಮಾಡಲು ಏನು ಕಷ್ಟವಿತ್ತು?

ಇಲ್ಲಿಗೆ ನಿಲ್ಲಿಸಬಹುದಿತ್ತು, ನಿಲ್ಲಿಸಲಿಲ್ಲ. ಕಾರು ತಣ್ಣಗಾಗಲಿ ಅಂತ ಚಹಾ ತರಿಸಿದರು. ಬಿಸಿ ರೇಡಿಯೇಟರ್ ಮುಚ್ಚಳ ತೆಗೆದರೆ ಮುಖ ಸುಡುತ್ತದೆ. ಆಮೇಲೆ ಎರಡನೇ ಪಿಸ್ಟನ್ ಪೂರ್ತಿ ಮೇಲೆ ಬರುವಂತೆ, ಎರಡೂ ವಾಲ್ವ್ ಮುಚ್ಚಿರುವ ಹೊತ್ತಿಗೆ ತಂದು ನಿಲ್ಲಿಸಿ, ಗೇರ್ ಹಾಕಿ, ಹ್ಯಾಂಡ್‌ಬ್ರೇಕ್ ಎಳೆದು, ಟೈರಿಗೆ ಗಾಳಿ ಹಾಕುವ ಕಂಪ್ರೆಸರಿನ ಪೈಪನ್ನೇ ಪ್ಲಗ್ಗಿನ ತೂತಿಗೆ ಜೋಡಿಸಿದರು. ಗಾಳಿ ಬಿಟ್ಟರೆ ಅದು ಎಲ್ಲಿಂದ ಹೊರಬರುತ್ತದೆ ನೋಡಬೇಕು. ರೇಡಿಯೇಟರಿನಲ್ಲಿ ಗುಳ್ಳೆ ಎದ್ದರೆ ಗ್ಯಾಸ್ಕೆಟ್. ಆಯಿಲ್ ಹಾಕುವ ಬಾಯಲ್ಲಿ ಜೋರಾಗಿ ಬಂದರೆ ರಿಂಗು, ಸ್ವಲ್ಪ ಬರುವುದು ಎಲ್ಲ ಎಂಜಿನ್ನಿನಲ್ಲೂ ಇದ್ದದ್ದೇ. ಏರ್ ಫಿಲ್ಟರ್ ಕಡೆ ಸುಯ್ ಅಂದರೆ ಗಾಳಿ ಒಳಗೆ ಬರುವ ವಾಲ್ವು. ಸೈಲೆನ್ಸರಿನಲ್ಲಿ ಬಂದರೆ ಹೊಗೆ ಹೋಗುವ ವಾಲ್ವು.

ಪೇಪರಿನ ಒಂದು ಪಟ್ಟಿ ಹರಿದು ನನ್ನ ಕೈಗೆ ಕೊಟ್ಟು, ಹಿಂದೆ ಹೋಗಿ ಸೈಲೆನ್ಸರ್ ಬಾಯಿಗೆ ಹಿಡಿಯಿರಿ ಅಂದರು. ಹಿಡಿದೆ. ಎಂಜಿನ್ ಆಫ್ ಇದೆ, ಕಾರು ಮಿಸುಕುತ್ತಿಲ್ಲ, ಆದರೂ ಪೇಪರು ಪಟಪಟ ಹಾರಾಡುತ್ತಿತ್ತು. ಇದನ್ನು ಕಣ್ಣಾರೆ ನೋಡಿದ ಮೇಲೆ ಯಾರೂ ನನಗೆ ಬೋರ್ ಕಥೆ ಹೇಳಲಿಕ್ಕೆ ಆಗುವುದಿಲ್ಲ.

ಹೆಡ್ ಬಿಚ್ಚಿದ ದಿನವೂ ಫೋನ್ ಮಾಡಿಸಿ ಕರೆಸಿದರು. (ಅವರಿಗೆ ಬೇಕಾದಾಗ ಫೋನ್ ಬರುತ್ತದೆ, ನಮಗೆ ಬೇಕಾದಾಗ ಎತ್ತುವುದಿಲ್ಲ.) ಎರಡನೇ ಸಿಲಿಂಡರಿನ ಹೊಗೆ ವಾಲ್ವು ನನ್ನ ಅಂಗೈ ಮೇಲೆ ಇಟ್ಟರು. ಅಂಚಿನಲ್ಲಿ ಒಂದು ಕಡೆ ಇಲಿ ಕಚ್ಚಿದ ಹಪ್ಪಳದ ಹಾಗೆ ಒಂದು ಚೂರು ಇಲ್ಲ, ಸುತ್ತ ಬೂದಿ ಬಣ್ಣ. ಹಪ್ಪಳ ಮಾಡುವವಳಿಗೆ ಅದಕ್ಕಿಂತ ಚೆನ್ನಾಗಿ ಹೇಳಲು ಬರುವುದಿಲ್ಲ.

ಯಾಕೆ ಸುಟ್ಟಿತು ಅಂದರೆ ಡಿಕ್ಕಿಗೆ ಕರೆದುಕೊಂಡು ಹೋಗಿ ಮ್ಯಾಟ್ ಎತ್ತಿದರು. ತಗಡಿನಲ್ಲಿ ನಾಲ್ಕು ಬೋಲ್ಟಿನ ತೂತು, ರಬ್ಬರ್ ಬಿರಡೆ ಹಾಕಿ ಮುಚ್ಚಿದ್ದು. ಹಿಂದಿನವರು ಗ್ಯಾಸ್ ಕಿಟ್ ಹಾಕಿಸಿದ್ದರು, ಮಾರುವಾಗ ತೆಗೆಸಿದ್ದರು. ಆರ್‌ಸಿಯಲ್ಲಿ ಬರೀ ಪೆಟ್ರೋಲ್. ಗ್ಯಾಸು ಒಣ ಒಣ ಉರಿಯುತ್ತದೆ, ಅದಕ್ಕೆಂದು ಮಾಡದ ಎಂಜಿನ್ನಿನಲ್ಲಿ ಹೊಗೆ ವಾಲ್ವು ಕೂರುವ ಸೀಟು ಬೇಗ ಸವೆಯುತ್ತದೆ. ಸೀಟು ಸವೆದಷ್ಟೂ ವಾಲ್ವು ಒಳಗೆ ಹೋಗಿ ಟ್ಯಾಪೆಟ್ ಗ್ಯಾಪ್, ಅಂದರೆ ವಾಲ್ವಿಗೂ ಅದನ್ನು ಒತ್ತುವ ಭಾಗಕ್ಕೂ ನಡುವಿನ ಸಂದು, ಕಡಿಮೆಯಾಗುತ್ತದೆ. ಆಗಾಗ ಟ್ಯಾಪೆಟ್ ಸೆಟ್ ಮಾಡಿಸುತ್ತಾ ಇದ್ದರೆ ಸರಿ, ಮಾಡಿಸದಿದ್ದರೆ ಒಂದು ದಿನ ಗ್ಯಾಪೇ ಇಲ್ಲದಂತಾಗಿ ವಾಲ್ವು ಪೂರ್ತಿ ಮುಚ್ಚುವುದೇ ಇಲ್ಲ. ಸೀಟಿಗೆ ತಾಗಿ ಕೂತಾಗಲೇ ವಾಲ್ವಿನ ಬಿಸಿ ಇಳಿಯುವುದು. ಕೂರದಿದ್ದರೆ ಆ ಸಂದಿಯಲ್ಲಿ ಬೆಂಕಿಯೇ ನುಗ್ಗಿ ಅಂಚು ತಿನ್ನುತ್ತದೆ. ಗ್ಯಾಸಿನ ಮೇಲೆ ಅವರಿಗೆ ಸ್ವಲ್ಪ ಹಳೇ ಸಿಟ್ಟು ಇದ್ದ ಹಾಗಿದೆ, ಈ ಭಾಷಣ ಇಪ್ಪತ್ತು ನಿಮಿಷ ನಡೆಯಿತು.

ಹೆಡ್ಡನ್ನು ಗೋಣಿಯಲ್ಲಿ ಕಟ್ಟಿ ಬಸ್ಸಿಗೆ ಹಾಕಿ ಹುಬ್ಬಳ್ಳಿಗೆ ಕಳಿಸಿದರು, ಅಲ್ಲಿ ಸೀಟ್ ಕಟಿಂಗ್ (ವಾಲ್ವು ಕೂರುವ ಅಂಚು ಕೊರೆದು ಸರಿ ಮಾಡುವುದು) ಮತ್ತು ಫೇಸಿಂಗ್ (ಹೆಡ್ಡಿನ ತಳ ಸಮ ಮಾಡುವುದು) ಮಾಡಿಸಿ ತರಿಸಿದರು. ವಾಲ್ವನ್ನು ಸೀಟಿಗೆ ಉಜ್ಜಿ ಕೂರಿಸುವ ಲ್ಯಾಪಿಂಗ್ ಇಲ್ಲೇ, ಕೈಯಲ್ಲಿ. ಜೋಡಿಸುವ ಮೊದಲು ಹೆಡ್ಡನ್ನು ಮಗ್ಗುಲಾಗಿ ಇಟ್ಟು ಪೋರ್ಟಿಗೆ (ವಾಲ್ವಿನ ಹಿಂದಿನ ಗಾಳಿ-ಹೊಗೆಯ ದಾರಿಗೆ) ಸೀಮೆಎಣ್ಣೆ ಸುರಿದು ಅರ್ಧ ತಾಸು ಬಿಟ್ಟರು. ವಾಲ್ವಿನ ಸುತ್ತ ಒಂದು ಹನಿಯೂ ಜಿನುಗಲಿಲ್ಲ. ಹೆಡ್ ಬೋಲ್ಟುಗಳನ್ನು ನಡುವಿನಿಂದ ಹೊರಕ್ಕೆ, ಬಿಗಿ ಎಷ್ಟು ಅಂತ ಅಳೆಯುವ ಟಾರ್ಕ್ ರೆಂಚಿನಲ್ಲಿ ಸ್ವಲ್ಪ ಸ್ವಲ್ಪವೇ ಬಿಗಿದರು. ಇಂಥ ಶೆಡ್ಡಿನಲ್ಲಿ ಟಾರ್ಕ್ ರೆಂಚು ನೋಡುತ್ತೇನೆ ಅಂದುಕೊಂಡಿರಲಿಲ್ಲ, ಅದಕ್ಕೊಂದು ಉಲ್ಲನ್ ಚೀಲ ಬೇರೆ ಹೊಲಿಸಿಟ್ಟಿದ್ದಾರೆ.

ಎಲ್ಲ ಸೇರಿ 13,800. ವಾಲ್ವು, ಸೀಲು, ಗ್ಯಾಸ್ಕೆಟ್, ಟೈಮಿಂಗ್ ಬೆಲ್ಟು, ಆಯಿಲ್, ಕೂಲಂಟ್, ಹುಬ್ಬಳ್ಳಿ ಖರ್ಚು, ಕೂಲಿ. ಟೆಸ್ಟಿನ 500 ಅದರಲ್ಲೇ ಮುರಿದುಕೊಂಡರು. ಮುಗಿದ ಮೇಲೆ ಮತ್ತೆ ಗೇಜ್ ಹಾಕಿ ತೋರಿಸಿದರು: 165, 162, 160.

ಇದರ ಮೇಲೆ ಮನೆಯಲ್ಲಿ ಒಂದು ಜಗಳವೂ ಆಯಿತು. ನನ್ನ ಭಾವ ಕುಮಟಾದಲ್ಲಿ ತನ್ನದೇ ಗೇಜ್ ಇಟ್ಟುಕೊಂಡಿದ್ದಾರೆ, ಆನ್‌ಲೈನಿನಲ್ಲಿ ತರಿಸಿದ್ದು. ಅವರು ಚೆಕ್ ಮಾಡಿದರೆ ಮೂರೂ 175ರ ಆಸುಪಾಸು. 'ನೋಡು, ನಿನ್ನ ಶಿರಸಿಯವರ ಗೇಜೇ ಸರಿ ಇಲ್ಲ' ಅಂತ ಶುರು ಮಾಡಿದರು. ಮುಂದಿನ ವಾರ ಹೋದಾಗ ಕೇಳಿದೆ. ನಕ್ಕರು. ಶಿರಸಿ ಸಮುದ್ರದಿಂದ ಸುಮಾರು 600 ಮೀಟರ್ ಎತ್ತರ, ಗಾಳಿ ಅಷ್ಟು ತೆಳು, ಆರೇಳು ಪರ್ಸೆಂಟ್ ಕಮ್ಮಿ ಬರಲೇಬೇಕು. ಕುಮಟಾದಲ್ಲಿ ಸಮುದ್ರ ಕಾಲಬುಡದಲ್ಲೇ ಉಂಟು. ಎರಡೂ ಗೇಜು ಸರಿ. ಭಾವ ಇನ್ನೂ ಒಪ್ಪಿಲ್ಲ. ಅವರಿಗೆ ಇನ್ನೊಂದು ಮಾತೂ ಹೇಳಿ ಕಳಿಸಿದರು: ಆ ಗೇಜನ್ನು ಡೀಸೆಲ್ ಪಿಕಪ್ಪಿಗೆ ಹಾಕಲು ಹೋಗಬೇಡಿ, ಡೀಸೆಲ್‌ನಲ್ಲಿ 400ರ ಹತ್ತಿರ ಬರ್ತದೆ, 300ರವರೆಗೆ ಮಾತ್ರ ಅಳೆಯುವ ಗೇಜು ಒಡೆದುಹೋಗ್ತದೆ.

ಈಗ ದೂರು. ನಾಲ್ಕು ದಿನ ಅಂದದ್ದು ಒಂಬತ್ತು ದಿನ ಆಯಿತು. ಅಷ್ಟೂ ದಿನ ಡಬ್ಬಿಗಳು ಬಸ್ಸಿನಲ್ಲೇ. ಫೋನಿನ ಬಗ್ಗೆ ಆಗಲೇ ಹೇಳಿದೆ. ಪ್ರಿಂಟ್ ಮಾಡಿದ ಬಿಲ್ಲಿಲ್ಲ, ಸಿಗರೇಟ್ ಪ್ಯಾಕಿನ ಹಿಂದೆ ಬರೆದ ಲೆಕ್ಕ. ವಾರಂಟಿ ಅಂದರೆ 'ನಾನು ಇಲ್ಲೇ ಇರ್ತೇನಲ್ಲ' ಅನ್ನುವ ಮಾತು. ಹೆಂಗಸರಿಗೆ ಕೂರಲು ಜಾಗವಿಲ್ಲ, ಶೌಚಾಲಯ ಅಂತೂ ಕೇಳಲೇಬೇಡಿ, ಇದನ್ನು ಸಣ್ಣ ವಿಷಯ ಅನ್ನುವವರು ಅಲ್ಲಿ ಮೂರು ತಾಸು ನಿಂತು ನೋಡಲಿ. ಸೀಟ್ ಕವರಿನ ಮೇಲೆ ಗ್ರೀಸಿನ ಐದು ಬೆರಳು ಇನ್ನೂ ಇದೆ.

ದೊಡ್ಡ ತಪ್ಪು ಒಂದೇ. ಕೂಲಂಟ್ ತುಂಬಿದ ಮೇಲೆ ಒಳಗಿನ ಗಾಳಿ ಪೂರ್ತಿ ತೆಗೆದಿರಲಿಲ್ಲ. ವಾಪಸ್ ಬರುವಾಗ ರಾಗಿಹೊಸಳ್ಳಿ ಹತ್ತಿರ ಬಿಸಿಯ ಮುಳ್ಳು ಮೇಲೇರತೊಡಗಿತು. ನಿಲ್ಲಿಸಿದೆ. ಫೋನ್ ಮಾಡಿದೆ, ಎತ್ತಲಿಲ್ಲ. ಒಂದು ತಾಸು ರಸ್ತೆ ಬದಿ ಕೂತು, ತಣ್ಣಗಾದ ಮೇಲೆ ಕುಡಿಯುವ ನೀರು ಸುರಿದು ತುಂಬಿಸಿ ಮನೆ ಸೇರಿದೆ. ಮರುವಾರ ಹೋದಾಗ ತಪ್ಪು ಒಪ್ಪಿಕೊಂಡು, ಕೂಲಂಟ್ ಹೊಸದು ತುಂಬಿ, ಗಾಳಿ ತೆಗೆದು, ದುಡ್ಡು ತಗೊಳ್ಳಲಿಲ್ಲ. ಆದರೂ ಅರ್ಧ ಸ್ಟಾರ್ ಅಲ್ಲೇ ಹೋಯಿತು.

ಕಾರು ಈಗ ಹೇಗಿದೆ ಅಂದರೆ, ದೇವಿಮನೆಯಲ್ಲಿ ಡಬ್ಬಿ ತುಂಬಿಕೊಂಡು ಸುಮಾರು ಕಡೆ ಮೂರನೇ ಗೇರಿನಲ್ಲೇ ಹತ್ತುತ್ತದೆ. ಲೀಟರಿಗೆ 13 ಕೊಡುತ್ತಿದ್ದದ್ದು 17 ಕೊಡುತ್ತಿದೆ. ನಡುಕ ಸ್ವಲ್ಪ ಇದೆ, ಮೂರು ಸಿಲಿಂಡರಿಗೆ ಇರಬೇಕಾದಷ್ಟೇ.

ಹೋಗುವವರಿಗೆ: ಭಾನುವಾರ ಬಾಗಿಲು. ಹಳೇ ಕಾರು ತಗೊಳ್ಳುವ ಮೊದಲು ಟೆಸ್ಟ್ ಮಾಡಿಸಬೇಕೆಂದಿದ್ದರೆ ಮಾರುವವರನ್ನೂ ಕರೆದುಕೊಂಡೇ ಹೋಗಿ, 500 ನೀವೇ ಕೊಡಿ. ಮಾರುವವರು ಬರಲು ಒಪ್ಪದಿದ್ದರೆ ಆ 500 ಕೂಡ ಉಳಿಯಿತು. ಫೋನ್ ಮಾಡಬೇಡಿ, ನೇರ ಹೋಗಿ. ಬೆಳಿಗ್ಗೆ ಹತ್ತರೊಳಗೆ ಹೋದರೆ ಹಲಸಿನ ಮರದ ನೆರಳಿನಲ್ಲಿ ಗಾಡಿ ನಿಲ್ಲಿಸಲು ಜಾಗ ಸಿಗುತ್ತದೆ, ಹಣ್ಣಿನ ಸೀಸನ್ನಿನಲ್ಲಿ ಮಾತ್ರ ಅಲ್ಲಿ ನಿಲ್ಲಿಸಬೇಡಿ.